ಕಹಿಯಿದ್ದರೆ ಗಿಡಕ್ಕೆ

ಮೂಡಿಗೆರೆಯ ಗೊಬ್ಬರದಂಗಡಿಯಿಂದ ತಂದ ಎಪ್ಸಮ್ ಸಾಲ್ಟಿನ ಪೊಟ್ಟಣವನ್ನು ಇವತ್ತು ಬೆಳಿಗ್ಗೆ ಒಡೆದೆ. ನೋಡಲು ಥೇಟ್ ಸಕ್ಕರೆ. ಬಕೆಟ್ಟಿಗೆ ಹಾಕುವ ಮುಂಚೆ ಒಂದು ಹರಳನ್ನು ನಾಲಿಗೆಗೆ ತಾಗಿಸಿ ಉಗಿದೆ. ಕಹಿ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು, "ಪೊಟ್ಟಣದ ಮೇಲೆ ಅಷ್ಟು ದೊಡ್ಡದಾಗಿ ಹೆಸರು ಬರ್ದಿದ್ಯಲ್ಲ ಮಾರಾಯ್ತಿ, ಮತ್ಯಾಕೆ ನೆಕ್ತೀಯ?" ಎಂದರು. ಬರೆದಿದ್ದರೆ ಬರೆದಿರಲಿ. ಈ ಅಭ್ಯಾಸ ಕಲಿಸಿದ್ದು ಬಾಳೂರಿನ ಅಕ್ಕ. ಅದನ್ನು ಕಲಿಯಲು ನಾನು ಎಷ್ಟು ಅತ್ತಿದ್ದೆ ಎಂದು ಇವರಿಗೂ ಗೊತ್ತು.

ಆಗ ಇವರು ಬಾಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಮ್ಮ ಕ್ವಾರ್ಟರ್ಸಿಗೆ ಅಂಟಿಕೊಂಡಿದ್ದ ಮನೆ ತೋಟದಾಳುಗಳ ಮೇಸ್ತ್ರಿಯವರದು. ಮೇಸ್ತ್ರಿಯವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ದಪ್ಪ ದನಿ, ಬಾಯಿ ತುಂಬ ಎಲೆಯಡಿಕೆ, ಮಾತೆತ್ತಿದರೆ ಸಿಡುಕು... ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು.

ನನ್ನ ಹತ್ತಿರ ಒಂದು ಪನ್ನೀರು ಗುಲಾಬಿ ಇತ್ತು. ಕಳಸದ ತವರಿನ ಅಂಗಳದಲ್ಲಿ ಅಮ್ಮ ಬೆಳೆಸಿದ್ದ ಗಿಡದ ಟೊಂಗೆ ಅದು. ಅಮ್ಮನ ಕಾರ್ಯ ಮುಗಿಸಿ ಬರುವಾಗ ಮುರಿದು ತಂದು ಹಳೆಯ ಪೇಂಟ್ ಡಬ್ಬಿಯಲ್ಲಿ ಊರಿದ್ದೆ. ಮಳೆಗಾಲ ಕಳೆಯುವ ಹೊತ್ತಿಗೆ ಅದರ ಕೆಳಗಿನ ಎಲೆಗಳೆಲ್ಲ ಹಳದಿಯಾದವು, ನರಗಳಷ್ಟೇ ಹಸಿರು. ಒಂದು ದಿನ ಮಳೆ ಬಿಟ್ಟು ಹೊಳವಾದಾಗ ಅಕ್ಕ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಳೆ ಮಣ್ಣಿನ ಸತ್ವ ಎಲ್ಲ ತೊಳ್ಕಂಡು ಹೋಗಿದೆ. ಕಾಫಿಗೆ ಹೊಡೀತಾರಲ್ಲ ಭೇದಿ ಉಪ್ಪು, ಅದನ್ನ ಕೊಡ್ಬೇಕು," ಎಂದರು.

ಭೇದಿ ಉಪ್ಪು ನನಗೆ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಹೊಟ್ಟೆ ತೊಳೆಯಲೆಂದು ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದದ್ದು ಅದನ್ನೇ. ಅದೇ ಈಗ ಎಪ್ಸಮ್ ಸಾಲ್ಟ್ ಎಂದು ಹೆಸರಿಟ್ಟುಕೊಂಡು ಚಂದದ ಪೊಟ್ಟಣದಲ್ಲಿ ಬರುತ್ತದೆ. ಅಮ್ಮನ ಗಿಡಕ್ಕೂ ಅಮ್ಮನ ಔಷಧವೇ ಆಯಿತಲ್ಲ ಎಂದು ನಗು ಬಂತು. ಅಕ್ಕ ಒಂದು ಚಮಚವನ್ನು ಅರ್ಧ ಬಕೆಟ್ ನೀರಿನಲ್ಲಿ ಕದಡಿ, ಅದರಲ್ಲಿ ಸ್ವಲ್ಪವನ್ನು ಬುಡಕ್ಕೆ ಹೊಯ್ದರು. ಹೊಸ ಚಿಗುರು ಹಸಿರಾಗಿಯೇ ಬಂತು.

ಗಿಡ ಚೇತರಿಸಿಕೊಂಡಿತು ಎನ್ನುವಷ್ಟರಲ್ಲಿ ಯಾರೋ ಒಂದು ಟೊಂಗೆ ಕತ್ತರಿಸಿಕೊಂಡು ಹೋದರು. ನಾನು ಅಂಗಳದಲ್ಲಿ ನಿಂತು, "ಕದ್ದವರ ಕೈ ಸೇದಿ ಹೋಗ್ಲಿ," ಎಂದು ಊರಿಗೆಲ್ಲ ಕೇಳುವಂತೆ ಶಾಪ ಹಾಕಿದೆ. ಅಕ್ಕ ಪಕ್ಕದಲ್ಲೇ ನಿಂತು ನನಗಿಂತ ಜೋರಾಗಿ ಬೈದರು.

ಅಮ್ಮನ ವರ್ಷದ ತಿಥಿಗೆ ನಾನು ಕಳಸಕ್ಕೆ ಹೊರಟಾಗ ಗಿಡವನ್ನು ಅಕ್ಕನಿಗೇ ಒಪ್ಪಿಸಿದೆ. ತವರಿಗೆ ಹೋಗಿ ನೋಡಿದರೆ ಅಮ್ಮನ ಗುಲಾಬಿ ಇರಲೇ ಇಲ್ಲ. ಜೀಪು ನಿಲ್ಲಿಸಲು ಜಾಗ ಬೇಕೆಂದು ಅಣ್ಣ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದ್ದ. "ನಿನ್ ಹತ್ರ ಇದ್ಯಲ್ಲ, ಸಾಕು ಬಿಡು," ಎಂದ. ಹೌದು, ನನ್ನ ಹತ್ತಿರ ಇದೆ... ಅದೊಂದೇ ಸಮಾಧಾನ ಹಿಡಿದುಕೊಂಡು ವಾಪಸ್ ಬಂದೆ.

ಬಂದು ನೋಡಿದರೆ ಡಬ್ಬಿಯಲ್ಲಿ ಬರೀ ಕಡ್ಡಿ. ಎಲೆಗಳೆಲ್ಲ ಸುಟ್ಟಂತೆ ಕಂದಾಗಿ ಉದುರಿದ್ದವು. ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದೆ, ಒಳಗೂ ಹಸಿರಿರಲಿಲ್ಲ.

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. "ನೀನು ಬರೋದ್ರೊಳ್ಗೆ ಹೂ ಬಿಡ್ಲಿ ಅಂತ ಭೇದಿ ಉಪ್ಪನ್ನ ಒಂದು ಹಿಡಿ ಜಾಸ್ತಿನೇ ಹಾಕಿದ್ದೆ ಕಣೇ... ಏನಾಯ್ತೋ ಗೊತ್ತಿಲ್ಲ," ಎಂದರು. ಅವರ ಬಾಗಿಲ ಪಕ್ಕದ ಗೂಡಿನಲ್ಲಿ ಒಂದೇ ಹಳೆಯ ಸೀರೆಯಿಂದ ಹರಿದ ಬಟ್ಟೆಯ ಎರಡು ಗಂಟುಗಳಿದ್ದವು. ಹಾಕಿದ್ದು ಇದನ್ನೇ ಎಂದು ಅವರು ತೋರಿಸಿದ ಗಂಟನ್ನು ಬಿಚ್ಚಿ ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡೆ. ಕಹಿ ಇರಲಿಲ್ಲ, ಉಪ್ಪುಪ್ಪು. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಬಿಡಿಸಲು ಮೇಸ್ತ್ರಿಯವರು ತೋಟಕ್ಕೆ ಒಯ್ಯುತ್ತಿದ್ದ ಅಡುಗೆ ಉಪ್ಪಿನ ಗಂಟು ಅದು.

"ಇಂಬಳದ ಉಪ್ಪನ್ನ ಹೊಯ್ದಿದ್ದೀರಲ್ಲ ಅಕ್ಕ, ಅದು ನಮ್ಮಮ್ಮನ ಗಿಡ, ಕಳಸದಲ್ಲೂ ಈಗ ಇಲ್ಲ," ಎಂದವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ತಿಥಿಯ ದಿನ ಬಾರದಿದ್ದ ಅಳುವೆಲ್ಲ ಆಗ ಬಂತು. ಅಕ್ಕ ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಮುಖ ಸಪ್ಪಗಾಯಿತು. ಎಲೆಯಡಿಕೆ ಉಗಿದು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಅವರ ಬಚ್ಚಲ ಹಿಂದಕ್ಕೆ ಎಳೆದುಕೊಂಡು ಹೋದರು.

ಅಲ್ಲಿ ತುಕ್ಕು ಹಿಡಿದ ಎಣ್ಣೆ ಡಬ್ಬಿಯಲ್ಲಿ ಒಂದು ಪನ್ನೀರು ಗುಲಾಬಿ ಇತ್ತು. ಮೊಣಕಾಲೆತ್ತರದ ಗಿಡದ ತುದಿಯಲ್ಲಿ ಒಂದು ಮೊಗ್ಗು.

"ನಾನೇ ಕದ್ದಿದ್ದು," ಎಂದರು ಅಕ್ಕ ನೆಲ ನೋಡುತ್ತ. "ಕೇಳಿ ತಂದ ಗಿಡ ಹತ್ತಲ್ಲ ಅಂತಾರಲ್ಲ ಮಾರಾಯ್ತಿ. ಅದಕ್ಕೇ ಕೇಳ್ಲಿಲ್ಲ."

ನನ್ನ ಜೊತೆ ನಿಂತು ತಮ್ಮ ಕೈಗೆ ತಾವೇ ಶಾಪ ಹಾಕಿಕೊಂಡ ಹೆಂಗಸು! ಎದೆಯ ಮೇಲಿಂದ ಯಾರೋ ಕಾಫಿ ಮೂಟೆ ಇಳಿಸಿದ ಹಾಗಾಯಿತು. ಅಳುತ್ತಲೇ ನಗಲು ಶುರು ಮಾಡಿದೆ. ಅವರೂ ನಕ್ಕರು. "ಒಂದು ಟೊಂಗೆ ಕೊಡಿ ಅಕ್ಕ," ಎಂದು ಕೈ ಚಾಚಿದೆ.

"ಅಯ್ಯೋ, ಕೇಳ್ಬೇಡ," ಎಂದು ನನ್ನ ಕೈ ತಳ್ಳಿದರು. "ನಾನು ಒಳಗೆ ಹೋಗಿ ಟೀಗೆ ಇಡ್ತೀನಿ. ನೀನು ಕದ್ಕಂಡು ಹೋಗು."

ಹೋದರು. ಒಳಗಿನಿಂದ ಪಾತ್ರೆಗಳ ಸದ್ದು ಕೇಳಿಸಿತು, ಬೇಕೆಂದೇ ಮಾಡಿದ ಜೋರು ಸದ್ದು. ನಾನು ಅಮ್ಮನ ಗುಲಾಬಿಯ ಒಂದು ಟೊಂಗೆ ಕತ್ತರಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಅವತ್ತಿನಿಂದ ಇಬ್ಬರೂ ನಾಲಿಗೆಗೆ ತಾಗಿಸದೆ ಗಿಡಕ್ಕೆ ಉಪ್ಪು ಹಾಕಲಿಲ್ಲ. "ಕಹಿಯಿದ್ರೆ ಗಿಡಕ್ಕೆ, ಉಪ್ಪಿದ್ರೆ ಇಂಬಳಕ್ಕೆ," ಎಂದು ಅಕ್ಕ ಅದಕ್ಕೊಂದು ಗಾದೆಯನ್ನೇ ಕಟ್ಟಿದರು.

ಆ ಟೊಂಗೆಯೇ ಈಗ ನಮ್ಮ ಬಣಕಲ್ ಮನೆಯ ಗೇಟಿನ ಪಕ್ಕ ಪೊದೆಯಾಗಿದೆ. ಮೇಸ್ತ್ರಿಯವರು ಕೆಲಸ ಬಿಟ್ಟ ಮೇಲೆ ಅಕ್ಕ ಮಗಳ ಊರಿಗೆ ಹೋದರು. ತೀರಿಕೊಂಡ ಸುದ್ದಿ ನನಗೆ ತಲುಪುವಾಗ ತಿಂಗಳುಗಳೇ ಕಳೆದಿದ್ದವು. ಒಂದು ಹೂ ಒಯ್ದು ಇಡಲೂ ಆಗಲಿಲ್ಲ ಎಂಬ ಸಂಕಟ ಇವತ್ತಿಗೂ ಇದೆ...

ಉಪ್ಪಿನ ನೀರು ಹೊಯ್ದು ತಲೆ ಎತ್ತಿದೆ. ಗೇಟಿನಾಚೆ ಬಸ್ಸಿಗೆ ಕಾಯುತ್ತಿದ್ದ ಒಬ್ಬಳು ಹೆಂಗಸು ಗುಲಾಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು. ಚೀಲದೊಳಗೆ ಕೈ ಹಾಕಿ ಏನೋ ಹುಡುಕುತ್ತಿದ್ದಳು. ನನಗೆ ಅರ್ಥವಾಯಿತು.

ಬಕೆಟ್ ಎತ್ತಿಕೊಂಡು ಒಳಗೆ ಹೋದೆ. ಟೀಗೆ ನೀರಿಟ್ಟು, ಗೇಟಿನವರೆಗೆ ಕೇಳುವಷ್ಟು ಜೋರಾಗಿ ಪಾತ್ರೆಗಳನ್ನು ಸದ್ದು ಮಾಡಿದೆ.