ಸಾವಿರದ ನಾನೂರು ಓಟಿನ ಸೀರೆ

ದುಂಡಸಿಯ ಅಂಕಿತಾ ತನ್ನ ಅತ್ತೆಯ ಸೀರೆಗೆ ಕತ್ತರಿ ಹಾಕಿದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಮುನ್ನೂರು ಜನ ಫೋನಿನಲ್ಲಿ ನೋಡುತ್ತಿರುವಾಗ. ಅತ್ತೆ ಸುಶೀಲವ್ವ ಮಾತ್ರ ನೋಡಲಿಲ್ಲ. ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಹೊತ್ತಿನ ರೊಟ್ಟಿ ಬಡಿಯುವುದು ಅಂಕಿತಾಳ ಪಾಲಿನ ಕೆಲಸ.

ಸುಶೀಲವ್ವ ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿದ್ದಾಳೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲು ಹೊಲಿಗೆ ಹಾಕುತ್ತ ಹೋಗುವ ಕೆಲಸ. ಮನೆಯಲ್ಲಿ ಹುಟ್ಟಿದ ಪ್ರತಿ ಕೂಸೂ ಅವಳ ಕೌದಿಯ ಮೇಲೆಯೇ ಮಲಗಿತ್ತು. ಆದರೂ ಅದನ್ನು ಯಾರೂ ಕೆಲಸ ಎಂದು ಕರೆದಿರಲಿಲ್ಲ. ಪಾತ್ರೆ ತಿಕ್ಕಿದ ಮೇಲೆ, ಎಮ್ಮೆ ಹಿಂಡುವುದಕ್ಕೆ ಮೊದಲು, ಪಕ್ಕದ ಮನೆಯ ಚಾಂದಬಿ ಜೊತೆ ಕಟ್ಟೆಯ ಮೇಲೆ ಕೂತಾಗ ಮಾಡುವಂಥದ್ದು, ಅಷ್ಟೆ. ಎರಡು ವರ್ಷದ ಹಿಂದೆ ಸೊಸೆ ಅಂಕಿತಾ ಒಂದು ಕೌದಿಯ ಫೋಟೊ ಹಾಕಿದಳು. ದಾವಣಗೆರೆಯ ಯಾರೋ ಬೆಲೆ ಕೇಳಿದರು. ‘ದುಂಡಸಿ ಕೌದಿ’ ಎಂಬ ಪೇಜು ಶುರುವಾದದ್ದು ಹಾಗೆ. ಜೊತೆಗೆ ಹೊಲಿಯುವ ಚಾಂದಬಿಗೆ ಕೌದಿಗಿಷ್ಟು ಎಂದು ಕೂಲಿ ನಿಗದಿಯಾಯಿತು. ಸುಶೀಲವ್ವನ ಮಾತು ಬಂದಾಗ ಅಂಕಿತಾಳ ಗಂಡ ಸುದೀಪ, ‘ಮನಿಯಾಕಿಗೆ ಎಂಥಾ ಕೂಲಿ’ ಎಂದು ನಕ್ಕ. ಅಂಕಿತಾಳೂ ನಕ್ಕಿದ್ದಳು.

ಪೇಜು ಬೆಳೆಸುವುದನ್ನು ಅವಳು ಫೋನಿನಲ್ಲೇ ಕಲಿತಳು. ಪ್ರತಿ ಪೋಸ್ಟಿನ ಕೊನೆಗೆ ಒಂದು ಪ್ರಶ್ನೆ ಕೇಳಬೇಕು. ಒಂದು ತಾಸಿನೊಳಗೆ ಉತ್ತರ ಕೊಡಬೇಕು, ಹೆಸರು ಹಿಡಿದು ಮಾತಾಡಿಸಬೇಕು. ಆಗಾಗ ಜನರಿಗೇ ಆರಿಸಲು ಬಿಡಬೇಕು. ತಾವು ಆರಿಸಿದ್ದನ್ನು ಜನ ಮರೆಯುವುದಿಲ್ಲ. ‘ನಿಮ್ಮ ಅಜ್ಜಿಯ ಕೌದಿಗೆ ಎಂಥ ವಾಸನೆ ಇತ್ತು?’ ಎಂದು ಒಮ್ಮೆ ಕೇಳಿದ್ದಕ್ಕೆ ಮುನ್ನೂರು ಚಿಲ್ಲರೆ ಉತ್ತರ ಬಂದವು. ಹೊಗೆ, ಬೆಣ್ಣೆ, ನಶ್ಯ, ಕೂಸಿನ ಉಚ್ಚೆ. ಅಂಕಿತಾ ಒಂದು ಕೈಯಲ್ಲಿ ಸಾರು ತಿರುವುತ್ತ ಇನ್ನೊಂದು ಕೈಯಲ್ಲಿ ಒಬ್ಬೊಬ್ಬರಿಗೂ ಬರೆದಳು. ಸಾರು ತಳ ಹಿಡಿಯುವ ಹೊತ್ತಿಗೆ ಸುಶೀಲವ್ವ ಬಂದು ಸೌಟು ತೆಗೆದುಕೊಳ್ಳುತ್ತಿದ್ದಳು. 

‘ಸುಶೀಲಕ್ಕ, ನಿನ್ನ ಸೊಸಿ ಮೊದಲ ಫೋನಿಗೆ ಉಣ್ಣಾಕ ಹಾಕ್ತಾಳ, ಆಮ್ಯಾಲೆ ಗಂಡಗ’ ಎಂದು ಚಾಂದಬಿ ಆಡಿಕೊಂಡರೆ, ‘ಉಣ್ಲಿ ಬಿಡ, ಅದೂ ದುಡದು ಹಾಕಾಕತ್ತೈತಿ’ ಎನ್ನುತ್ತಿದ್ದಳು ಸುಶೀಲವ್ವ. ಸಂಜೆ ಎಮ್ಮೆಗೆ ಮೇವು ಹಾಕಿ ಬಂದ ಮೇಲೆ, ‘ಇವತ್ತ ಯಾರು ಏನಂದ್ರು?’ ಎಂದು ಕೇಳಿ, ಸೊಸೆಯಿಂದ ಎಲ್ಲವನ್ನೂ ಓದಿಸಿಕೊಳ್ಳುತ್ತಿದ್ದಳು.

ಪೇಜಿಗೆ ಹನ್ನೊಂದು ಸಾವಿರ ಜನ ಆದ ವಾರ ಅಂಕಿತಾಳಿಗೆ ಹೊಸದೊಂದು ಹೊಳೆಯಿತು.

‘ಅತ್ತಿ, ನಿಮ್ಮ ಟ್ರಂಕಿನ್ಯಾಗಿನ ಹಳೇ ಸೀರಿ ಫೋಟೊ ತಗೀಲೇನ್ರಿ?’

‘ತಗಿ. ಹೆಂಗ ಮಡಚೇನಿ ಹಂಗ ಇಡು ಮತ್ತ.’

ಅಂಕಿತಾ ಮೂರು ಸೀರೆಗಳನ್ನು ಬಿಸಿಲಿಗೆ ಹಿಡಿದಳು. ಒಂದು ಹಳದಿ ನೂಲಿನದು, ಒಂದು ಕಂದು ಚೌಕಡಿಯದು, ಒಂದು ಕೆಂಪು ದಡಿಯ ಹಸಿರು ಇಳಕಲ್ಲ ಸೀರೆ. ಹಸಿರು ಸೀರೆಯ ಮಡಿಕೆಗಳಲ್ಲಿ ಬಣ್ಣ ಮಾಸಿತ್ತು, ಉಟ್ಟ ಗುರುತು ಮಾತ್ರ ಕಡಿಮೆ. ಉಡದೆ ಇಟ್ಟದ್ದು, ಯಾರಿಗೂ ಬೇಡವಾದದ್ದು ಎಂದುಕೊಂಡಳು. ‘ಮುಂದಿನ ಕೌದಿಯ ನಡುವಿಗೆ ಯಾವ ಸೀರೆ? ನೀವೇ ಆರಿಸಿ’ ಎಂದು ಹಾಕಿದಳು. ಒಂದೇ ದಿನದಲ್ಲಿ ಹಸಿರು ಸೀರೆಗೆ ಸಾವಿರದ ನಾನೂರು ಓಟು ಬಿದ್ದವು. ಹುಬ್ಬಳ್ಳಿಯ ಗುಲ್ನಾರ ಎಂಬುವಳು ಹೊಲಿಯದ ಕೌದಿಯನ್ನು ಆಗಲೇ ತನಗೆಂದು ಹೇಳಿಟ್ಟಳು. ಕತ್ತರಿಸುವುದನ್ನು ಲೈವ್ ತೋರಿಸಿ ಎಂದು ಹತ್ತಾರು ಜನ ಬರೆದರು.

ಮಂಗಳವಾರ ಕತ್ತರಿ ಹಿಡಿದು ಕೂರುವುದಕ್ಕೆ ಮೊದಲು ಅಂಕಿತಾಳಿಗೆ ಒಮ್ಮೆ ಕೇಳಬೇಕೆನ್ನಿಸಿತು. ಅಡುಗೆಮನೆಯ ಬಾಗಿಲವರೆಗೆ ಹೋದಳು. ಸುಶೀಲವ್ವ ತಲೆ ಎತ್ತದೆ, ‘ಹೋಗ ಹೋಗ, ನಿನ್ನ ಮಂದಿ ಕಾಯಾಕತ್ತಿರಬೇಕು. ರೊಟ್ಟಿ ನಾ ನೋಡ್ಕೋತೇನಿ’ ಎಂದಳು. ಅಂಕಿತಾ ಅದನ್ನೇ ಒಪ್ಪಿಗೆ ಎಂದುಕೊಂಡು ತಿರುಗಿದಳು. ಆ ಬಾಗಿಲಿಗೆ ಅವಳ ಮನಸ್ಸು ಮುಂದೆ ಎಷ್ಟು ಸಲ ಹೋಗಿ ನಿಂತಿತೋ ಲೆಕ್ಕವಿಲ್ಲ.

ಲೈವ್ ಮುಗಿದ ಮೇಲೆ ಸುಶೀಲವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. ಚಾಪೆಯ ಮೇಲೆ ಹಸಿರು ತುಂಡುಗಳಿದ್ದವು. ನಿಂತಳು. ಕೈಯನ್ನು ಉಟ್ಟ ಸೀರೆಗೆ ಒರೆಸಿ, ಸೆರಗಿನ ತುಂಡೊಂದನ್ನು ಎತ್ತಿ ಅಂಚು ನೋಡಿದಳು.

‘ಕತ್ತರಿ ಸಾಣಿ ಹಿಡಸಬೇಕು’ ಎಂದಳು. ‘ಅಂಚು ಜಗ್ಗೈತಿ.’

ಮಧ್ಯಾಹ್ನ ಸೂಜಿ ಹಿಡಿದು ಕೂತಳು. ಹದಿನೆಂಟು ದಿನ ಹೊಲಿದಳು. ಆ ಹದಿನೆಂಟು ದಿನದಲ್ಲಿ ಒಂದು ಸಂಜೆಯೂ ‘ಇವತ್ತ ಯಾರು ಏನಂದ್ರು’ ಎಂದು ಕೇಳಲಿಲ್ಲ. ಅಂಕಿತಾ ಅದನ್ನು ಗಮನಿಸಿದ್ದು ಹನ್ನೆರಡನೆಯ ದಿನ. ಅತ್ತೆ ದಣಿದಿದ್ದಾಳೆ ಎಂದುಕೊಂಡಳು.

ಆ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಡುವ ರೂಢಿ. ಕೌದಿ ಹಸಿದಿರಬಾರದು ಎಂದು. ಪೇಜಿನ ಜನ ಕಾಯುತ್ತಿದ್ದ ವಿಡಿಯೊ ಅದು. ಅಂಕಿತಾ ಫೋನು ಹಿಡಿದು ಕಟ್ಟೆಗೆ ಬಂದಾಗ ಸುಶೀಲವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು. ‘ತಲಿ ನೋಯಾಕತ್ತೈತಿ’ ಎಂದು ಒಳಗೆ ಹೋದಳು. ಮೂಲೆ ತೆರೆದೇ ಉಳಿಯಿತು.

ಚಾಂದಬಿ ದಾರ ಕಡಿಯುತ್ತ ಹೇಳಿದಳು, ‘ಫೋನು ಇಳಸು ಯವ್ವಾ. ನಿಮ್ಮತ್ತಿ ತವರಾಗ ಯಾರದಾರ?’

‘ಯಾರೂ ಇಲ್ಲರಿ. ಒಬ್ಬರು ಅಣ್ಣ ಇದ್ರಂತ, ತೀರಿಕೊಂಡ್ರಂತ.’

‘ನಿಮ್ಮ ಮಂದ್ಯಾಗ ಹೆಣ್ಮಗಳು ಸತ್ರ ಹೊಚ್ಚಾಕ ತವರಿಂದ ಸೀರಿ ಬರಬೇಕಲ್ಲ. ಅಕ್ಕಗ ಯಾರು ತರ್ತಾರ?’

ಅಂಕಿತಾ ಎಂದೂ ಆ ಬಗ್ಗೆ ಯೋಚಿಸಿರಲಿಲ್ಲ.

‘ಆ ಹಸರು ಸೀರಿ ಅಣ್ಣ ಪಂಚಮಿಗೆ ಉಡಿಸಿದ್ದು. ಮುಂದಿನ ಪಂಚಮಿಗೆ ಅಂವ ಇರಲಿಲ್ಲ. ಹಿರೇಕೆರೂರಿಗೆ ಹೋಗಿ ಅಣ್ಣನ ಮಣ್ಣು ಮುಗಿಸ್ಕೊಂಡು ಬಂದು, ಅದನ್ನ ಮಡಚಿ ಟ್ರಂಕಿಗೆ ಹಾಕಿದ್ಲು. “ಚಾಂದಬಿ, ನಾ ಹ್ವಾದಾಗ ಇದ ನನ್ನ ತವರಿನ ಸೀರಿ ಅಂತ ನೀ ಹೇಳಬೇಕು” ಅಂದಿದ್ಲು. ಹೇಳಾಕ ನಾ ಉಳದೇನಿ. ಸೀರಿ ಉಳೀಲಿಲ್ಲ.’

‘ನೀವರ ಹೇಳಬಾರದಿತ್ತೇನ್ರಿ?’

‘ಕೇಳಿದ್ಯೇನು? ನಾ ಅವತ್ತ ಮಧ್ಯಾಹ್ನ ಬರೂದ್ರಾಗ ತುಂಡಾಗಿ ಬಿದ್ದಿತ್ತು.’

ಅಂಕಿತಾ ಒಳಗೆ ಹೋಗಿ, ಟ್ರಂಕಿನ ಪಕ್ಕ ಕೂತು, ನಡೆದದ್ದನ್ನೆಲ್ಲ ಪೇಜಿಗೆ ಬರೆದಳು. ತಪ್ಪು ನನ್ನದು ಎಂದು ಬರೆದಳು. ಸೀರೆಯ ಹಳೆಯ ಫೋಟೊ ಸೇರಿಸಿದಳು. ಓದಿ ನೋಡಿದರೆ ಕೊನೆಯ ಸಾಲು ಹೀಗಿತ್ತು: ‘ನಿಮ್ಮ ಮನೆಯಲ್ಲೂ ಇಂಥ ಒಂದು ಸೀರೆ ಇದೆಯೇ?’ ಅಳುತ್ತ ಬರೆದದ್ದಕ್ಕೂ ಅವಳ ಬೆರಳು ರೂಢಿಯಂತೆ ಪ್ರಶ್ನೆ ಜೋಡಿಸಿತ್ತು. ಈವರೆಗೆ ಹಾಕಿದ್ದರಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು ಓಡುವ ಪೋಸ್ಟು ಎಂಬುದೂ ಅವಳಿಗೆ ಗೊತ್ತಿತ್ತು. ನಾಚಿಕೆಯಾಗಿ, ಹಾಕುವ ಮೊದಲೇ ಅಳಿಸಿದಳು.

ಗುಲ್ನಾರಳಿಗಷ್ಟೇ, ಆ ಕೌದಿ ಕೊಡಲಾಗುವುದಿಲ್ಲ ಎಂದು ಕಾರಣ ಬರೆದು ಕಳಿಸಿದಳು. ಉತ್ತರ ತಕ್ಷಣ ಬಂತು. ‘ಪರವಾಗಿಲ್ಲ ಅಕ್ಕ, ಬೇರೆ ಕಳಿಸಿ. ಆದರೆ ಈ ಕಥೆ ಪೇಜಿಗೆ ಹಾಕಿ, ಎಲ್ಲರಿಗೂ ಕಣ್ಣೀರು ಬರುತ್ತೆ.’ ಸಂಜೆ ಸುದೀಪ, ‘ಅದಕ್ಯಾಕ ಇಷ್ಟು ಅಳ್ತಿ? ಶಿಗ್ಗಾವ್ಯಾಗ ಅಂಥಾವು ಬೇಕಾದಷ್ಟು ಸಿಗ್ತಾವು, ಒಂದು ತಂದರಾತು’ ಎಂದ. ಹಿಂದಿನ ದಿನ ಕೇಳಿದ್ದರೆ ಅಂಕಿತಾಳೂ ಇದನ್ನೇ ಹೇಳುತ್ತಿದ್ದಳು.

ಮರುದಿನ ರೊಟ್ಟಿಯನ್ನು ಅಂಕಿತಾಳೇ ಬಡಿದಳು. ಮಾವನಿಗೆ, ಗಂಡನಿಗೆ ಬಡಿಸಿ, ಪಾತ್ರೆ ತೊಳೆದು, ಫೋನನ್ನು ಉಪ್ಪಿನ ಭರಣಿಯ ಪಕ್ಕ ಬಿಟ್ಟು ಕಟ್ಟೆಗೆ ಬಂದಳು. ಸುಶೀಲವ್ವ ಒಬ್ಬಳೇ ಇದ್ದಳು. ಕೌದಿ ಮಡಿಲಲ್ಲಿತ್ತು.

‘ಅತ್ತಿ, ಇದನ್ನ ಮಾರೂದಿಲ್ಲರಿ. ಇದು ನಿಮ್ಮದು.’

‘ಚಾಂದಬಿ ಹೇಳಿದ್ಲೇನು?’

‘ಹೂನ್ರಿ.’

ಸುಶೀಲವ್ವ ಹಸಿರು ತುಂಡಿನ ಮೇಲೆ ಅಂಗೈ ಇಟ್ಟಳು. ಹದಿನೆಂಟು ದಿನದ ಸಾಲುಗಳು ಅದರ ಮೇಲೆ ನೆಟ್ಟಗೆ ಓಡಿದ್ದವು. ಸಿಟ್ಟಿನಲ್ಲಿ ಹೊಲಿದಿದ್ದರೂ ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

‘ಎಷ್ಟ ಮಂದಿ ಇದನ್ನ ಹರೀರಿ ಅಂದಿದ್ರು?’

‘ಸಾವಿರದ ನಾನೂರ ಮಂದಿರಿ.’

‘ಅದರಾಗ ನಂದೂ ಒಂದ ಓಟ ಇತ್ತೇನು?’

ವ್ಯಂಗ್ಯವಿರಲಿಲ್ಲ ಆ ದನಿಯಲ್ಲಿ. ನಿಜಕ್ಕೂ ತಿಳಿಯಬೇಕೆಂದು ಕೇಳಿದಂತಿತ್ತು.

‘ಇರಲಿಲ್ಲರಿ’ ಎಂದಳು ಅಂಕಿತಾ.

‘ಮನಿಯಾಗ ಇರಾವ್ರಿಗೆ ಇರೂದಿಲ್ಲೇನೋ ಅನಕೊಂಡಿದ್ದೆ.’ ಸುಶೀಲವ್ವ ಕೌದಿಯ ತೆರೆದ ಮೂಲೆಯನ್ನು ಸೊಸೆಯ ಕಡೆ ತಿರುಗಿಸಿದಳು. ‘ಸೀರಿ ಅಂತೂ ಹೋತು. ನಾ ಹ್ವಾದಾಗ ಇದನ್ನ ಹೊಚ್ಚರಿ. ಅಣ್ಣ ಕೊಟ್ಟದ್ದು ನಡುವ ಐತಿ. ಈ ಮೂಲಿ ಮಾತ್ರ ನೀ ಹೊಲಿ.’

‘ನನಗ ಬರೂದಿಲ್ಲಲ್ರಿ.’

‘ಗೊತ್ತೈತಿ. ಎರಡು ವರ್ಷ ಆತು, ಸೂಜಿ ಹಿಡದಿಲ್ಲ ನೀ.’

ಅಂಕಿತಾ ಒಳಗೆ ಹೋಗಿ, ತಾನು ಬಡಿದ ರೊಟ್ಟಿಯಲ್ಲಿ ಚೂರು ಮುರಿದು, ಚಿಟಿಕೆ ಸಕ್ಕರೆ ತಂದು ಮೂಲೆಯೊಳಗೆ ಇಟ್ಟಳು. ಸೂಜಿ ದಪ್ಪ ಪದರದಲ್ಲಿ ಸಿಕ್ಕಿಕೊಂಡಿತು. ಎರಡು ಸಲ ಬೆರಳಿಗೆ ಚುಚ್ಚಿತು. ಅಡುಗೆಮನೆಯಲ್ಲಿ ಫೋನು ಗುಂಯ್‌ಗುಟ್ಟುವುದು ಕೇಳುತ್ತಿತ್ತು, ಯಾರೋ ಮೂಲೆಯ ವಿಡಿಯೊ ಎಲ್ಲಿ ಎಂದು ಕೇಳುತ್ತಿರಬೇಕು. ಅವಳು ಏಳಲಿಲ್ಲ. ಅರ್ಧ ತಾಸಿಗೆ ಮೂಲೆ ಮುಚ್ಚಿತು.

ಸುಶೀಲವ್ವ ಅದನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಹೊಲಿಗೆಯ ಮೇಲೆ ಸವರಿದಳು.

‘ಬಿಚ್ಚು’ ಎಂದಳು. ‘ಮತ್ತ ಹೊಲಿ.’

ಅಂಕಿತಾ ಬಿಚ್ಚತೊಡಗಿದಳು.