ಸೋಮವಾರದ ರುಚಿ

ಕಾರಟಗಿ ಹತ್ತಿರದ ಶಾಲೆಯಲ್ಲಿ ನಾನು ಬಿಸಿಯೂಟ ಮಾಡುತ್ತೇನೆ. ಬಡಿಸುವ ಮೊದಲು ಟೀಚರೊಬ್ಬರು ರುಚಿ ನೋಡಿ ಸಹಿ ಹಾಕಬೇಕು. ಆ ಕೆಲಸ ಶಾರದಾ ಟೀಚರದು; ಉಪ್ಪು ಎಷ್ಟು ಬೇಕೆಂದೂ ಅವರೇ ಹೇಳುತ್ತಾರೆ. ಸೋಮವಾರ ಅವರಿಗೆ ಉಪವಾಸ. ಹಾಗಾಗಿ ಅವತ್ತು ರುಚಿ ನನ್ನದು, ಸಹಿ ಅವರದು. ಅಡುಗೆಮನೆಗೆ ಕ್ಯಾಮೆರಾ ಹಾಕಿದ ಮೇಲಿನ ಮೊದಲ ಸೋಮವಾರ ಟೀಚರ ಮುಖ ಬಾಡಿಹೋಗಿತ್ತು.

“ನಾ ತಿನ್ನದs ಸಹಿ ಹಾಕೋದು ಕಾಣ್ತೈತಿ ಅಜ್ಜಿ. ಉಪವಾಸ ಬಿಡ್ಲೋ, ನೌಕರಿ ಬಿಡ್ಲೋ?”

“ಹೆಡ್‌ಮಾಸ್ತರಿಗೆ ಇದ್ದದ್ದು ಹೇಳಿಬಿಡಿ,” ಎಂದೆ.

ಟೀಚರು ಹೋಗಿ ಹೇಳಿದರು. ಹೆಡ್‌ಮಾಸ್ತರು ಬೈಯಲಿಲ್ಲ. “ಮೊದ್ಲ ಹೇಳಬಾರದೇನ್ರಿ? ಸೋಮವಾರ ನಾ ತಿಂತೀನಿ, ಸಹೀನೂ ನಾನs ಹಾಕ್ತೀನಿ,” ಎಂದು ಕ್ಯಾಮೆರಾದ ಎದುರಿಗೇ ತಟ್ಟೆ ಹಿಡಿದರು. ಒಂದು ತುತ್ತು ತಿಂದವರೇ ನೀರಿಗೆ ಕೈ ಚಾಚಿದರು.

“ಅಜ್ಜಿ, ಇದು ಸಾಂಬಾರೋ, ಸಮುದ್ರಾನೋ?”

ಕುಂದಾಪುರದ ಕಡೆ ಹುಟ್ಟಿದ ನನ್ನ ನಾಲಿಗೆಗೆ ಉಪ್ಪು ಹದವಾಗಿಯೇ ಇತ್ತು. ಸೋಮವಾರ ಮಾತ್ರ ಮಕ್ಕಳೆಲ್ಲ ಮನೆಯಿಂದ ಮಜ್ಜಿಗೆ ಯಾಕೆ ತರುತ್ತಿದ್ದರೆಂದು ಅವತ್ತು ತಿಳಿಯಿತು.