ವಾರೆ ನಿಂತ ಆಟೋ

ನಮ್ಮ ಸಾರ್ ಅವರ ಉಂಗುರದ ಬೆರಳಿನ ಬುಡದಲ್ಲಿ ಬೆಳ್ಳಗೆ ಒಂದು ಪಟ್ಟೆಯಿತ್ತು. ಲ್ಯಾಬಿಗೆ ಬಂದೊಡನೆ ಉಂಗುರ, ವಾಚು, ಬೆಲ್ಟು ಕಳಚಿ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಿದ್ದರು. ಸ್ಕೇಲೂ ಮರದ್ದೇ. ವೈರಿಲ್ಲದೆ ಚಾರ್ಜ್ ಮಾಡುವ ಪ್ಯಾಡಿನ ಹತ್ತಿರ ಲೋಹ ಬಿಸಿಯಾಗುತ್ತದೆ, ಅಳತೆಯೂ ಕೆಡುತ್ತದೆ.

ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ನಮ್ಮ ಕಂಪನಿ ಎಲೆಕ್ಟ್ರಿಕ್ ಆಟೋಗಳಿಗೆ ಅಂಥ ಪ್ಯಾಡ್ ಮಾಡುತ್ತಿತ್ತು. ನೆಲದ ಪ್ಯಾಡಿನ ಮೇಲೆ ಆಟೋ ನಿಲ್ಲಿಸಿದರೆ ಸಾಕು, ಬ್ಯಾಟರಿ ತುಂಬುತ್ತದೆ. ಆಗ ಸುತ್ತ ಹರಡುವ ಕಾಂತಕ್ಷೇತ್ರ ಜನರಿಗೆ ಸುರಕ್ಷಿತವೇ ಎಂದು ಅಳೆಯುವುದು ನಮ್ಮಿಬ್ಬರ ಕೆಲಸ. ಅವರು ಹಿರಿಯ ಟೆಸ್ಟ್ ಎಂಜಿನಿಯರ್. ನಾನು ಎಂ.ಟೆಕ್. ಮುಗಿಸಿ ಸೇರಿದ ಹೊಸಬಳು. ಅವರನ್ನು ಸಾರ್ ಎನ್ನುತ್ತಿದ್ದೆ.

ನಾನು ನೆಲದ ಮೇಲೆ ಗೆರೆ ಎಳೆದು, ಆಟೋ ನೆಟ್ಟಗೆ ನಿಲ್ಲಿಸಿ ಅಳೆದೆ. ಎಲ್ಲ ಮಿತಿಯೊಳಗಿತ್ತು. ಸಾರ್ ಹೊರಗೆ ಹೋಗಿ, ಮೆಟ್ರೋ ಸ್ಟೇಷನ್ ಕೆಳಗಿನಿಂದ ಒಬ್ಬ ಡ್ರೈವರನ್ನು ಕರೆತಂದರು.

"ದಿನಾ ನಿಲ್ಲಿಸೋ ಹಾಗೇ ನಿಲ್ಲಿಸಿ ಅಣ್ಣ."

"ಇದನ್ನ ನೋಡೋಕೂ ನಿಮಗೆ ಸಂಬಳ ಕೊಡ್ತಾರಾ ಸಾರ್?" ಎಂದ ಆತ. ಐದು ಸಲ ನಿಲ್ಲಿಸಿದ. ಐದೂ ಸಲ ಗೇಣುದ್ದ ವಾರೆ. ಆತನನ್ನು ದೂರ ಕಳಿಸಿ, ಪ್ಯಾಡ್ ಆನ್ ಮಾಡಿ ನಾನು ಅಳತೆಯ ಪ್ರೋಬ್ ಹಿಡಿದೆ. ಪ್ರಯಾಣಿಕರು ಇಳಿಯುವ ಕಡೆ ಅಂಕಿ ಮಿತಿ ದಾಟಿತ್ತು.

"ಬರ್ಕೊಳಮ್ಮ," ಎಂದರು ಸಾರ್. "ಕಾಲುಂಗುರ ಹಾಕ್ಕೊಂಡಿರೋರು ಇಲ್ಲೇ ಕಾಲಿಡೋದು."

ಮ್ಯಾನೇಜರ್ ವರದಿಯಿಂದ ಆ ಪುಟವನ್ನೇ ತೆಗೆಸಿದರು. ಮೀಟಿಂಗಿನಲ್ಲಿ, "ಡ್ರೈವರ್‌ಗಳಿಗೆ ಟ್ರೈನಿಂಗ್ ಕೊಡ್ತೀವಿ, ನೆಟ್ಟಗೆ ನಿಲ್ಲಿಸ್ತಾರೆ. ಸೈನ್ ಮಾಡಿ," ಎಂದರು.

"ನಿಮ್ಮ ಕಾರು ಹೆಂಗೆ ನಿಂತಿದೆ, ಒಂದ್ಸಲ ಕಿಟಕಿಯಿಂದ ನೋಡಿ ಸಾರ್," ಎಂದರು ನಮ್ಮ ಸಾರ್. ಸಹಿ ಮಾಡಲಿಲ್ಲ.

"ನಿಮಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ. ರೀಡಿಂಗೇ ತಪ್ಪಿರುತ್ತೆ."

ರೀಡಿಂಗ್ ತೆಗೆದವಳು ನಾನು. ಸಾರ್ ಅದನ್ನು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನು ಮೇಜನ್ನೇ ನೋಡುತ್ತ ಕೂತಿದ್ದೆ. ಮರುದಿನವೇ ಅವರನ್ನು ಕೆಲಸದಿಂದ ಬಿಡಿಸಿದರು. ಅಷ್ಟು ವರ್ಷ ದುಡಿದವರನ್ನು ಬಾಗಿಲ ತನಕ ಕಳಿಸಿಕೊಡುವಷ್ಟು ಮರ್ಯಾದೆಯೂ ಯಾರಿಗೂ ಇರಲಿಲ್ಲ. ಮರದ ಸ್ಕೇಲನ್ನು ನನ್ನ ಮೇಜಿನ ಮೇಲಿಟ್ಟು, ಉಂಗುರ ತೊಟ್ಟುಕೊಂಡು ಹೊರಟರು.

ವಾರದ ನಂತರ ಅದೇ ವರದಿ ಸಹಿಗೆಂದು ನನ್ನ ಹತ್ತಿರ ಬಂತು. ಆ ಪುಟವನ್ನು ಮತ್ತೆ ಸೇರಿಸಿ ವಾಪಸ್ ಕೊಟ್ಟೆ.

"ನಿಮಗೂ ಆ ಮುದುಕನ ಹುಚ್ಚು ಹಿಡೀತಾ?" ಎಂದರು ಮ್ಯಾನೇಜರ್.

"ಅದು ನಾನೇ ತೆಗೆದ ರೀಡಿಂಗ್."

ಆ ಕೆಲಸ ಹೋಯಿತು, ಅದಕ್ಕೆ ಬೇಸರವಿಲ್ಲ. ಮ್ಯಾನೇಜರ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಮೇಲೆ. ಆ ಒಂದು ಮಾತನ್ನು ಸಾರ್ ಪಕ್ಕದಲ್ಲಿ ಕೂತಿದ್ದಾಗಲೇ ಹೇಳಬಹುದಿತ್ತು.